ಅಮ್ಮನ ನಡಿಗೆ

ಟೈಪ್ 2 ಮಧುಮೇಹವಿರುವ ಅಮ್ಮನಿಗೆ ವಾಕಿಂಗ್ ಮಾಡಿ ಎಂದು ಹೇಳಿದವರು ಅನೇಕರಿದ್ದರೂ, ಹೇಗೆ ಮಾಡಬೇಕೆಂದು ಎದುರಿಗೆ ಕೂರಿಸಿಕೊಂಡು ತಿಳಿಸಿದವರು ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಒಬ್ಬರೇ. ಅವರು ಮೊದಲು ನೋಡಿದ್ದು ಅಮ್ಮನ ಪಾದಗಳನ್ನು. ಹವಾಯಿ ಚಪ್ಪಲಿಯ ಪಟ್ಟಿ ಉಜ್ಜಿ ಹೆಬ್ಬೆರಳಿನ ಪಕ್ಕದಲ್ಲಿ ಆಗಿದ್ದ, ಅಮ್ಮನಿಗೇ ಅರಿವಿಲ್ಲದ ಸಣ್ಣ ಗಾಯವನ್ನು ಕಂಡು, ಅದು ಮಾಯುವವರೆಗೆ ಕುರ್ಚಿಯಲ್ಲಿ ಕುಳಿತೇ ಮಾಡುವ ವ್ಯಾಯಾಮಗಳನ್ನು ಹೇಳಿಕೊಟ್ಟರು. ಈಗ ವಾರಕ್ಕೆ 150 ನಿಮಿಷಗಳ ಗುರಿಯನ್ನು ಊಟದ ನಂತರದ ಪುಟ್ಟ ಪುಟ್ಟ ನಡಿಗೆಗಳಾಗಿ ಹಂಚಿಕೊಟ್ಟಿದ್ದಾರೆ. ಇಷ್ಟು ಮಹತ್ವದ ಕೆಲಸಕ್ಕೆ ಅವರಿಗೆ ಬಿಡುವೇ ಸಿಗದಂತೆ ದಾಖಲೆ ಪುಸ್ತಕಗಳ ಹೊರೆ ಹೊರಿಸಿರುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುವವರಿಗೆ ನಡೆಯುವಾಗ ಸಕ್ಕರೆಯ ಮಟ್ಟ ತೀರಾ ಇಳಿಯಬಹುದೆಂದು ಅವರು ಎಚ್ಚರಿಸಿದ ದಿನದಿಂದ, ಅಮ್ಮನ ಸೆರಗಿನ ತುದಿಯ ಗಂಟಿನಲ್ಲಿ ಗ್ಲೂಕೋಸ್ ಪುಡಿಯ ಪುಟ್ಟ ಪೊಟ್ಟಣವೊಂದು ಸದಾ ಇರುತ್ತದೆ.