ಸಾಫ್ಟ್‌ವೇರ್ ಹೊಸದು, ಒಳಗಿನ ಲೆನ್ಸ್ ಪಟ್ಟಿ ಹಳೇದು

ಚಿಕ್ಕಬಳ್ಳಾಪುರದ ಸಣ್ಣ ಛತ್ರಗಳಲ್ಲಿ ಗ್ರೂಪ್ ಫೋಟೋ ಅಂದರೆ ಬೆನ್ನು ಗೋಡೆಗೆ ತಾಗುವವರೆಗೂ ಹಿಂದೆ ಸರಿದು, ಜೂಮನ್ನು 18 ಎಂಎಂಗೆ ತಂದು ತೆಗೆಯುವ ಕೆಲಸ. ಹೀಗೆ ತೆಗೆದ ಚಿತ್ರದಲ್ಲಿ ಮಂಟಪದ ಕಂಬ ಬಿಲ್ಲಿನ ಹಾಗೆ ಬಾಗುವುದು ಸಹಜ. ಲಿನಕ್ಸ್‌ನ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಡಾರ್ಕ್‌ಟೇಬಲ್‌ನಲ್ಲಿ ಈ ಬಾಗು ತಿದ್ದುವ ಲೆನ್ಸ್ ಕರೆಕ್ಷನ್ ಆನ್ ಮಾಡಿದ ಮೇಲೂ ಕಂಬ ನೆಟ್ಟಗಾಗದಿದ್ದರೆ ಬಹಳ ಜನ ಮಾಡುವುದು ಒಂದೇ: ಸಾಫ್ಟ್‌ವೇರ್ ತೆಗೆದು ಹೊಸ ಆವೃತ್ತಿ ಹಾಕುವುದು. ಅದರಿಂದ ಸಾಮಾನ್ಯವಾಗಿ ಏನೂ ಬದಲಾಗದು.

ಯಾಕೆಂದರೆ ಲೆನ್ಸಿನ ಲೆಕ್ಕ ಡಾರ್ಕ್‌ಟೇಬಲ್‌ನದಲ್ಲ. ಡಾರ್ಕ್‌ಟೇಬಲ್, ಅದರಂಥವೇ ಆದ ರಾಥೆರಪಿ, ಡಿಜಿಕ್ಯಾಮ್ ಮೂರೂ ಲೆನ್ಸ್‌ಫನ್ ಎಂಬ ಲೈಬ್ರರಿಯನ್ನು ಕೇಳುತ್ತವೆ. ಯಾವ ಲೆನ್ಸ್ ಎಷ್ಟು ಬಾಗಿಸುತ್ತದೆ ಅನ್ನುವ ಅದರ ಪಟ್ಟಿ ಬೇರೆಯೇ ಪ್ಯಾಕೇಜಿನಲ್ಲಿ ಬರುತ್ತದೆ. ಲಿನಕ್ಸ್‌ನದೇ ಒಂದು ಬಗೆಯಾದ ಉಬುಂಟು 22.04ರಲ್ಲಿರುವುದು ಲೆನ್ಸ್‌ಫನ್ 0.3.2, 24.04ರಲ್ಲಿ 0.3.4. ಇವು ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿಗಳು ಅಂದ ಮೇಲೆ ಭದ್ರತೆಯ ತಿದ್ದುಪಡಿ ಬರುತ್ತದೆಯೇ ಹೊರತು, ನೀವು ಹೋದ ತಿಂಗಳು ಕೊಂಡ ಲೆನ್ಸಿನ ಅಂಕಿಅಂಶ ಬರುವುದಿಲ್ಲ. ಕ್ಯಾನನ್ ಆರ್‌ಎಫ್, ನಿಕಾನ್ ಝಡ್ ಮೌಂಟಿನ (ಲೆನ್ಸ್ ಕೂರುವ ಜಾಗ) ಕ್ಯಾಮೆರಾದವರಿಗೆ ಇದರ ಬಿಸಿ ಹೆಚ್ಚು.

ಪಟ್ಟಿ ಹೊಸದು ಮಾಡುವ ಮುಂಚೆ ತಪ್ಪು ಯಾವ ಹಂತದಲ್ಲಿದೆ ಅಂತ ನೋಡಿ. ಲೆನ್ಸಿನ ಹೆಸರಿನ ಜಾಗದಲ್ಲಿ ಬರೀ ಸಂಖ್ಯೆಯೋ, ನಿಮ್ಮದಲ್ಲದ ಲೆನ್ಸಿನ ಹೆಸರೋ ಇದ್ದರೆ ದೋಷ ಎಕ್ಸಿವ್2 ಎಂಬ ಇನ್ನೊಂದು ಲೈಬ್ರರಿಯದು. ರಾ ಫೈಲಿನಿಂದ (ಕ್ಯಾಮೆರಾ ಕೊಡುವ ಸಂಸ್ಕರಿಸದ ಮೂಲ ಫೈಲ್) ಹೆಸರು ಓದುವುದು ಅದರ ಕೆಲಸ. ಕ್ಯಾನನ್ ಮೌಂಟಿನ ಸಿಗ್ಮಾ, ಟ್ಯಾಮ್ರಾನ್ ಲೆನ್ಸ್‌ಗಳಲ್ಲಿ ಒಂದೇ ಗುರುತು ಸಂಖ್ಯೆಯನ್ನು ಹಲವು ಲೆನ್ಸ್‌ಗಳು ಹಂಚಿಕೊಂಡಿರುವುದರಿಂದ ಈ ಗೊಂದಲ ಮಾಮೂಲು. ಹೆಸರು ಸರಿಯಿದ್ದು ತಿದ್ದುಪಡಿ ಮಾತ್ರ ಇಲ್ಲ ಅಂದರೆ ಲೆನ್ಸ್‌ಫನ್ ಪಟ್ಟಿ ಹಳೇದು. ಲೆನ್ಸ್ ಪಟ್ಟಿಯಲ್ಲಿದ್ದರೂ ಕ್ಯಾಮೆರಾ ಬಾಡಿ ಇಲ್ಲದಿದ್ದರೆ ಅದೇ ಗತಿ, ಸೆನ್ಸರ್ ಎಷ್ಟು ದೊಡ್ಡದು ಅಂತ ಗೊತ್ತಾಗದೆ ಲೆಕ್ಕವೇ ಶುರುವಾಗದು. ಇನ್ನೊಂದು ಸೂಕ್ಷ್ಮ: 1.5 ಕ್ರಾಪ್ ಬಾಡಿಯಲ್ಲಿ, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನದರಲ್ಲಿ, ಅಳೆದ ಲೆನ್ಸಿನ ಅಂಕಿ ಫುಲ್ ಫ್ರೇಮ್ ಬಾಡಿಗೆ ಸಿಗುವುದಿಲ್ಲ, ಅಂಚಿನ ಭಾಗವನ್ನು ಯಾರೂ ಅಳೆದೇ ಇಲ್ಲವಲ್ಲ. ಫುಲ್ ಫ್ರೇಮ್‌ನಲ್ಲಿ ಅಳೆದದ್ದು ಕ್ರಾಪ್ ಬಾಡಿಗೆ ನಡೆಯುತ್ತದೆ.

ಹೆಸರು ಸಿಗಲಿಲ್ಲ ಅಂತ ಹತ್ತಿರದ ಹೆಸರಿನ ಲೆನ್ಸ್ ಆರಿಸುವುದಿದೆಯಲ್ಲ, ಅದು ತಿದ್ದದೇ ಬಿಡುವುದಕ್ಕಿಂತ ಕೆಟ್ಟದ್ದು. ಒಂದೇ ಎಂಎಂ ಅಳತೆಯ ಎರಡು ಪೀಳಿಗೆಯ ಲೆನ್ಸ್‌ಗಳು ಬಾಗುವ ರೀತಿ ಬೇರೆ. ಸರಳವಾದ ಉಬ್ಬು ಹೋಗಿ ಮೀಸೆಯಂತೆ ಅಲೆಯಲೆಯಾದ ಗೆರೆ ಉಳಿಯುತ್ತದೆ.

ಈಗ ಹೊಸದು ಮಾಡುವ ಕ್ರಮ. ಡೆಬಿಯನ್, ಉಬುಂಟುಗಳಲ್ಲಿ ಲಿಬ್‌ಲೆನ್ಸ್‌ಫನ್-ಬಿನ್ (liblensfun-bin) ಪ್ಯಾಕೇಜ್ ಹಾಕಿ, ಟರ್ಮಿನಲ್‌ನಲ್ಲಿ ಲೆನ್ಸ್‌ಫನ್-ಅಪ್‌ಡೇಟ್-ಡೇಟಾ (lensfun-update-data) ಅಂತ ಕೊಡಬೇಕು. ಎಲ್ಲ ಸಣ್ಣಕ್ಷರ, ನಡುವೆ ಅಡ್ಡಗೆರೆ. ಅದರ ಆರಂಭದಲ್ಲಿ ಸುಡೋ (sudo, ಅಡ್ಮಿನ್ ಅಧಿಕಾರದಲ್ಲಿ ನಡೆಸುವ ಪದ) ಸೇರಿಸಿದರೆ ಪಟ್ಟಿ ಇಡೀ ಕಂಪ್ಯೂಟರಿಗೆ ಬರುತ್ತದೆ, ಸೇರಿಸದಿದ್ದರೆ ಆ ಲಾಗಿನ್‌ಗೆ ಮಾತ್ರ. ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುವವರಿಗೂ ಆಲ್ಬಮ್ ಡಿಸೈನ್ ಮಾಡುವವರಿಗೂ ಬೇರೆ ಲಾಗಿನ್ ಇದ್ದರೆ ಸುಡೋ ಮರೆಯಬೇಡಿ. ಡಾರ್ಕ್‌ಟೇಬಲ್ ಪಟ್ಟಿ ಓದುವುದು ತೆರೆಯುವಾಗ, ಆದ್ದರಿಂದ ಮುಚ್ಚಿ ಮತ್ತೆ ತೆರೆಯಿರಿ.

ಪ್ಯಾಕೇಜಿನ ಜತೆ ಬಂದದ್ದು, ಸುಡೋದಿಂದ ಬಂದದ್ದು, ಲಾಗಿನ್‌ನದು: ಈ ಮೂರರಲ್ಲಿ ದಿನಾಂಕ ಹೊಸದಿರುವ ಒಂದನ್ನೇ ಲೆನ್ಸ್‌ಫನ್ ಪೂರ್ತಿಯಾಗಿ ಎತ್ತಿಕೊಳ್ಳುತ್ತದೆ, ಬೆರೆಸುವುದಿಲ್ಲ. ಲೆನ್ಸಿನ ಅಳತೆಯನ್ನು ನೀವೇ ಬರೆದ ಎಕ್ಸ್‌ಎಂಎಲ್ ಫೈಲ್ ಇದ್ದರೆ ಹೋಮ್ ಫೋಲ್ಡರ್‌ನ ಡಾಟ್-ಲೋಕಲ್, ಶೇರ್, ಲೆನ್ಸ್‌ಫನ್ (.local/share/lensfun) ಒಳಗೆ ನೇರವಾಗಿ ಇಡಿ. ಅಲ್ಲೇ ಇರುವ ಅಪ್‌ಡೇಟ್ಸ್ ಫೋಲ್ಡರ್‌ಗೆ ಹಾಕಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತದೆ.

ಸಾಫ್ಟ್‌ವೇರನ್ನು ಪ್ರತ್ಯೇಕ ಪೆಟ್ಟಿಗೆಯಂತೆ ಕೂರಿಸುವ ಫ್ಲ್ಯಾಟ್‌ಪ್ಯಾಕ್ ಬಳಸುವವರು ಎಡವುವುದು ಇಲ್ಲೇ. ಅದು ಡಾಟ್-ಲೋಕಲ್ ಕಡೆ ನೋಡದು. ಡಾಟ್-ವಾರ್, ಆಪ್ (.var/app), ಅದರೊಳಗಿನ ಡಾರ್ಕ್‌ಟೇಬಲ್ ಫೋಲ್ಡರ್‌ನ ಡೇಟಾ ಒಳಗೆ ಹುಡುಕುತ್ತದೆ. ಲೆನ್ಸ್‌ಫನ್ ಹೆಸರಿನ ಫೋಲ್ಡರ್ ಮಾಡಿ ಅಪ್‌ಡೇಟ್ಸ್ ಅನ್ನು ಅಲ್ಲಿಗೆ ಕಾಪಿ ಮಾಡಿ. ನೆಟ್ ಇಲ್ಲದ ಕಂಪ್ಯೂಟರಿಗೂ ಪೆನ್ ಡ್ರೈವ್‌ನಲ್ಲಿ ಹೀಗೇ ಸಾಗಿಸಬಹುದು. ಲೆನ್ಸ್‌ಫನ್ 0.3.2, 0.3.4ರಂಥವು ಓದುವುದು ವರ್ಷನ್ 1ರ ಪಟ್ಟಿ, ವರ್ಷನ್ 2 ತಂದಿಟ್ಟರೆ ಕೂತಲ್ಲೇ ಕೂತಿರುತ್ತದೆ.

ಹೆಸರು ಕಾಣಿಸಿದ ಕೂಡಲೇ ಗೆದ್ದೆವು ಅನ್ನಬೇಡಿ. ಲೆನ್ಸ್ ಕರೆಕ್ಷನ್ ಮಾಡ್ಯೂಲಿನಲ್ಲಿ ಯಾವ ತಿದ್ದುಪಡಿ ಆಗಿದೆ ಅಂತ ತೋರಿಸುವ ಸಾಲೊಂದಿದೆ. ಗೆರೆಯ ಬಾಗು, ಅಂಚಿನ ಬಣ್ಣ, ಮೂಲೆಯ ಕತ್ತಲು ಮೂರಕ್ಕೂ ಪ್ರತ್ಯೇಕ ಅಳತೆ ಬೇಕು. ಎಷ್ಟೋ ಲೆನ್ಸ್‌ಗಳಿಗೆ ಪಟ್ಟಿಯಲ್ಲಿ ಇರುವುದು ಮೊದಲನೆಯದು ಮಾತ್ರ. ಜರಿ ಅಂಚಿನ ಸುತ್ತ ಕೆಂಪು-ಹಸಿರು ಗೆರೆ ಉಳಿದರೆ ಅದನ್ನು ಬೇರೆಯಾಗಿ ತೆಗೆಯಬೇಕು. ಪರೀಕ್ಷೆಗೆ ಛತ್ರದ ತೊಲೆ ಅಥವಾ ಉದ್ದನೆಯ ಕಾಂಪೌಂಡ್ ಗೋಡೆಯ ಅಂಚನ್ನು ಫ್ರೇಮಿನ ಉದ್ದದ ಬದಿಗೆ ಹತ್ತಿರ ಇಟ್ಟು, ಅಪರ್ಚರ್ 8, ಐಎಸ್‌ಒ 100ರಲ್ಲಿ ರಾ ತೆಗೆಯಿರಿ. ಜೂಮ್ ಆದರೆ ಎರಡು ಕೊನೆ ಮತ್ತು ನಡುವೆ ಮೂರು ಕಡೆ. ಪಟ್ಟಿಯಲ್ಲೇ ಇಲ್ಲದ ಲೆನ್ಸನ್ನು ಫೋಟೋ ಜೋಡಿಸುವ ಸಾಫ್ಟ್‌ವೇರ್ ಹ್ಯೂಗಿನ್‌ನಲ್ಲಿ ಅಳೆಯಲಿಕ್ಕೂ ಇವೇ ಫೋಟೋಗಳು ಬೇಕಾಗುತ್ತವೆ.

ಎಚ್ಚರ ಬೇಕಾದದ್ದು ಯಾವಾಗ ಹೊಸದು ಮಾಡುತ್ತೇವೆ ಅನ್ನುವುದರಲ್ಲಿ. ಎಡಿಟಿಂಗ್ ಫೈಲಿನಲ್ಲಿ ಉಳಿಯುವುದು ಲೆನ್ಸಿನ ಹೆಸರು, ಎಂಎಂ, ಅಪರ್ಚರ್ ಇಂಥವು. ಬಾಗಿಸುವ ಲೆಕ್ಕವನ್ನು ಪ್ರತಿ ಸಲವೂ ಆಗಿನ ಪಟ್ಟಿಯಿಂದಲೇ ತೆಗೆಯಲಾಗುತ್ತದೆ. ಹಾಗಾಗಿ ಎರಡು ಕಂಪ್ಯೂಟರಿನಲ್ಲಿ ಎರಡು ಪಟ್ಟಿ ಇದ್ದರೆ ಒಂದೇ ರಾ ಫೈಲ್ ಎರಡು ಆಕಾರದಲ್ಲಿ ಎಕ್ಸ್‌ಪೋರ್ಟ್ ಆಗುತ್ತದೆ. 12×36 ಇಂಚಿನ ಆಲ್ಬಮ್ ಅರ್ಧ ಆಗಿರುವಾಗ ಅಪ್‌ಡೇಟ್ ಕೊಟ್ಟರೆ, ಮುಂಚೆ ಅಳತೆಗೆ ಕೂರಿಸಿದ ಫೋಟೋ ಮತ್ತೆ ತೆಗೆದಾಗ ಅಂಚಿನಲ್ಲಿ ಜರುಗಿರುತ್ತದೆ. ಆರ್ಡರ್ ಕೊಟ್ಟು ಮುಗಿದ ಮೇಲೆ, ಎಲ್ಲ ಕಂಪ್ಯೂಟರಿಗೂ ಒಂದೇ ದಿನ ಮಾಡಿ.

ಗ್ರೂಪ್ ಫೋಟೋದ ತುದಿಯಲ್ಲಿ ನಿಂತವರ ಮುಖ ಅಗಲವಾಯಿತು ಅನ್ನುವ ದೂರಿಗೆ ಮಾತ್ರ ಲೆನ್ಸ್‌ಫನ್‌ನಲ್ಲಿ ಔಷಧಿ ಇಲ್ಲ. ಅದು ಅಗಲ ಕೋನದ ದೃಷ್ಟಿಯ ಗುಣ; ಕಂಬ ನೆಟ್ಟಗಾದಷ್ಟೂ ಆ ಮುಖ ಇನ್ನಷ್ಟು ಎಳೆದಂತಾಗುತ್ತದೆ. ಜನರನ್ನು ಎರಡು ಸಾಲು ಮಾಡಿ ನಿಲ್ಲಿಸಿ 28 ಎಂಎಂಗೆ ಬನ್ನಿ.