ಹಳೇ ಫಿಫ್ಟಿ, ಹೊಸ ಫಿಫ್ಟಿ: ಶಾರ್ಪ್‌ನೆಸ್ ನಿಜಕ್ಕೂ ಬದಲಾಗಿದೆಯಾ?

ಕ್ಯಾನನ್ 50 ಎಂಎಂ ಎಫ್/1.8 ಲೆನ್ಸ್‌ನ ಎರಡು ವರ್ಷನ್ ನನ್ನ ಹತ್ತಿರ ಇವೆ. (ಎಫ್ ಪಕ್ಕದ ಸಂಖ್ಯೆ ಲೆನ್ಸ್‌ನ ಕಿಂಡಿ ಎಷ್ಟು ತೆರೆದಿದೆ ಅಂತ ಹೇಳುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.) ಒಂದು 1990ರಲ್ಲಿ ಬಂದ ಎರಡನೇ ವರ್ಷನ್, ಇನ್ನೊಂದು 2015ರ ಎಸ್‌ಟಿಎಂ, ಅಂದರೆ ಸ್ಟೆಪ್ಪಿಂಗ್ ಮೋಟರ್‌ನಿಂದ ಫೋಕಸ್ ಆಗುವ ವರ್ಷನ್. ಹೊಸದನ್ನು ತಗೊಂಡ ಮೊದಲ ವಾರ ನನಗೆ ತುಂಬಾ ಖುಷಿಯಾಗಿತ್ತು. ಹಳೆಯದರಲ್ಲಿ ತೆಗೆದ ಮುಖಗಳಲ್ಲಿ ಎಷ್ಟೋ ಸಲ ಕಣ್ಣು ಮಸುಕಾಗಿರುತ್ತಿತ್ತು, ಇದರಲ್ಲಿ ರೆಪ್ಪೆಯ ಕೂದಲು ಎಣಿಸಬಹುದು. ಹೊಸ ಲೆನ್ಸ್ ಜಾಸ್ತಿ ಶಾರ್ಪ್ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ.

ಆಮೇಲೆ ಎರಡರ ಒಳಗಿನ ಗಾಜಿನ ಜೋಡಣೆಯ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ 6 ಎಲಿಮೆಂಟ್ (ಗಾಜಿನ ತುಂಡು), 5 ಗ್ರೂಪ್ (ಬಿಡಿಯಾಗಿ ಅಥವಾ ಅಂಟಿಸಿ ಕೂರಿಸಿದ ಗುಂಪು). ಅದೇ ವಿನ್ಯಾಸ. ಗಾಜು ಅದೇ ಆಗಿದ್ದರೆ ಶಾರ್ಪ್‌ನೆಸ್ ಎಲ್ಲಿಂದ ಬಂತು?

ಒಂದು ದಿನ ಪೂರ್ತಿ ಕೂತು ಪರೀಕ್ಷೆ ಮಾಡಿದೆ. ನ್ಯೂಸ್‌ಪೇಪರ್ ಹಾಳೆಗಳನ್ನು ಸುಕ್ಕಿಲ್ಲದ ಹಾಗೆ ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಗೋಡೆಗೆ ನೇರವಾಗಿ ನಿಲ್ಲಿಸಿ, 2 ಸೆಕೆಂಡ್ ಟೈಮರ್ ಹಾಕಿ, ಕ್ಯಾಮೆರಾ ತಿದ್ದದ ರಾ ಫೈಲ್‌ನಲ್ಲೇ ತೆಗೆದೆ. ಸಾಫ್ಟ್‌ವೇರ್‌ನ ಶಾರ್ಪನಿಂಗ್ ಸೊನ್ನೆ. ಆಟೋಫೋಕಸ್ ಮುಟ್ಟಲೇ ಇಲ್ಲ, ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, 10 ಪಟ್ಟು ದೊಡ್ಡದು ಮಾಡಿ ಕೈಯಿಂದಲೇ ರಿಂಗ್ ತಿರುಗಿಸಿದೆ.

ಈ ಕೆಲಸಕ್ಕೆ ಕನ್ನಡ ಅಕ್ಷರ ಬಹಳ ಚೆನ್ನಾಗಿ ಒದಗುತ್ತದೆ. ಥ ಮತ್ತು ಧ ಎರಡನ್ನೂ ನೋಡಿ. ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ, ಅಷ್ಟೇ. ಲೆನ್ಸ್ ಸ್ವಲ್ಪ ಮೆತ್ತಗಾದರೂ ಮೊದಲು ಹೋಗುವುದು ಆ ಚುಕ್ಕೆ. ಎಫ್/1.8ರಲ್ಲಿ ನಡುವಿನ ಅಕ್ಷರಗಳು ಎರಡು ಲೆನ್ಸ್‌ನಲ್ಲೂ ಓದಲು ಬಂದವು, ಆದರೆ ಅಕ್ಷರದ ಅಂಚಿನ ಸುತ್ತ ತೆಳ್ಳಗೆ ಮಂಜು ಕೂತ ಹಾಗಿತ್ತು. ಮೂಲೆಯಲ್ಲಿ ಥ ಎಲ್ಲವೂ ಧ ಆಗಿಬಿಟ್ಟಿದ್ದವು, ಎರಡರಲ್ಲೂ. ಎಫ್/4ಕ್ಕೆ ಬರುವಾಗ ಮೂಲೆಯ ಚುಕ್ಕೆ ಮಂಕಾಗಿ ವಾಪಸ್ ಬಂತು, ಎಫ್/8ರಲ್ಲಿ ಕಪ್ಪಗೆ ಸ್ಪಷ್ಟವಾಯಿತು. ಎಫ್/16ರಲ್ಲಿ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಎರಡೂ ಒಂದೇ ರೀತಿ ಮೆತ್ತಗಾದವು. ಫೈಲ್ ಹೆಸರು ಮುಚ್ಚಿಟ್ಟು ನೋಡಿದರೆ ಯಾವುದು ಯಾವ ಲೆನ್ಸ್ ಅಂತ ಹೇಳಲು ನನಗೆ ಆಗಲಿಲ್ಲ.

ಹಾಗಾದರೆ ಆ ರೆಪ್ಪೆ? ಹಳೇ ಫೋಟೋಗಳನ್ನು ಮತ್ತೆ ತೆಗೆದು ನೋಡಿದಾಗ ಗೊತ್ತಾಯಿತು. ಮಸುಕಾದವುಗಳಲ್ಲಿ ಬಹುಪಾಲು ಕಿವಿ ಶಾರ್ಪ್ ಇತ್ತು! ಆಗ ನಾನು ಮಧ್ಯದ ಫೋಕಸ್ ಪಾಯಿಂಟ್‌ನಲ್ಲಿ ಕಣ್ಣಿಗೆ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ತಿರುಗಿಸಿ ಫ್ರೇಮ್ ಸರಿ ಮಾಡಿಕೊಳ್ಳುತ್ತಿದ್ದೆ. ಫುಲ್ ಫ್ರೇಮ್ (36x24 ಎಂಎಂ ಸೆನ್ಸರ್) ಕ್ಯಾಮೆರಾದಲ್ಲಿ ಎಫ್/1.8 ಇಟ್ಟು ಒಂದು ಮೀಟರ್ ದೂರದಿಂದ ತೆಗೆದರೆ ಫೋಕಸ್ ಸಿಗುವ ಪಟ್ಟಿ ಸುಮಾರು 4 ಸೆಂಟಿಮೀಟರ್. ಕ್ಯಾಮೆರಾ ತಿರುಗಿಸಿದಾಗ ಆ ಪಟ್ಟಿ ಕಣ್ಣಿನ ಹಿಂದಕ್ಕೆ ಜಾರುತ್ತದೆ. ಹೊಸ ಲೆನ್ಸ್ ಬರುವ ಹೊತ್ತಿಗೆ ನಾನು ನೇರವಾಗಿ ಕಣ್ಣಿನ ಮೇಲೇ ಪಾಯಿಂಟ್ ಇಡುವುದನ್ನು ಕಲಿತಿದ್ದೆ. ಬದಲಾಗಿದ್ದು ನನ್ನ ಅಭ್ಯಾಸ, ಹೆಸರು ಬಂದಿದ್ದು ಲೆನ್ಸಿಗೆ.

ಹೊಸದರಲ್ಲಿ ಸುಧಾರಣೆ ಇಲ್ಲ ಅಂತಲ್ಲ. ಗಾಜಿನ ಮೇಲೆ ಬೆಳಕಿನ ಪ್ರತಿಫಲನ ತಡೆಯುವ ಕೋಟಿಂಗ್ ಬೇರೆ, ಕಿಂಡಿಯನ್ನು ಕಿರಿದು ಮಾಡುವ ಅಪರ್ಚರ್ ಬ್ಲೇಡ್ 5 ಇದ್ದದ್ದು 7 ಆಗಿದೆ, 45 ಸೆಂಟಿಮೀಟರ್ ಬದಲು 35ರವರೆಗೆ ಹತ್ತಿರ ಹೋಗಬಹುದು, ಕ್ಯಾಮೆರಾಗೆ ಕೂರುವ ಮೌಂಟ್ ಪ್ಲಾಸ್ಟಿಕ್ ಹೋಗಿ ಲೋಹದ್ದಾಗಿದೆ. ಇವುಗಳಲ್ಲಿ ಕೋಟಿಂಗ್ ಮಾತ್ರ ಶಾರ್ಪ್‌ನೆಸ್ ಥರ ಕಾಣುತ್ತದೆ. ಎದುರಿಗೆ ಬೆಳಕಿದ್ದಾಗ ಕಾಂಟ್ರಾಸ್ಟ್ ಉಳಿದರೆ ಕೂದಲಿನ ಗೆರೆ ಎದ್ದು ಕಾಣುತ್ತದೆ, ಕಣ್ಣು ಅದನ್ನೇ ಶಾರ್ಪ್ ಅಂದುಕೊಳ್ಳುತ್ತದೆ. ಒಳಗಿನ ಗಾಜಿಗೆ ಹೇಜ್ (ಮಂಜಿನಂಥ ಪೊರೆ) ಕಟ್ಟಿದ ಹಳೇ ಲೆನ್ಸ್‌ನಲ್ಲಿ ಆಗುವುದು ಇದರ ಉಲ್ಟಾ.

ನಿಜವಾಗಿ ಗಾಜು ಬದಲಾದಾಗ ಕಥೆಯೇ ಬೇರೆ. ನಿಕಾನ್‌ನ ಹಳೇ 50 ಎಂಎಂ ಎಫ್/1.8 ಡಿಯಲ್ಲಿ 6 ಎಲಿಮೆಂಟ್, 2018ರ ಝಡ್ ಮೌಂಟ್‌ನ ಎಸ್ ಲೆನ್ಸ್‌ನಲ್ಲಿ 12. ತೂಕ ಸುಮಾರು 155 ಗ್ರಾಂನಿಂದ 415ಕ್ಕೆ ಹೋಗಿದೆ. ಪೂರ್ತಿ ತೆರೆದಾಗ ಮೂಲೆಗಳಲ್ಲಿ ಕಾಣುವ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಕ್ಯಾನನ್ 70-200 ಎಫ್/2.8 ಎಲ್ ಐಎಸ್ ಝೂಮ್ ಲೆನ್ಸ್ ತಗೊಳ್ಳಿ: 2010ರ ಎರಡನೇ ವರ್ಷನ್‌ಗೂ 2018ರ ಮೂರನೆಯದಕ್ಕೂ ಗಾಜಿನ ಜೋಡಣೆ ಒಂದೇ, ಬದಲಾಗಿದ್ದು ಮುಖ್ಯವಾಗಿ ಕೋಟಿಂಗ್. ಹಾಗಾಗಿ ಅಪ್‌ಗ್ರೇಡ್ ಮಾಡುವ ಮೊದಲು ಸುಮ್ನೆ ಒಂದು ಸಲ ಎಲಿಮೆಂಟ್ ಚಿತ್ರ ನೋಡಿ.

ಇನ್ನೊಂದು ವಿಷಯ. ನಿಮ್ಮ ಪರೀಕ್ಷೆಯಲ್ಲಿ ಫೋಟೋದ ಒಂದೇ ಕಡೆ ಮಸುಕಾಗಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಅದೇ ಗೋಡೆಯನ್ನು ಮತ್ತೆ ತೆಗೆಯಿರಿ. ಫ್ರೇಮ್‌ನ ಅದೇ ಬದಿ ಮತ್ತೆ ಮಸುಕಾದರೆ ಲೆನ್ಸ್‌ನ ಗಾಜು ಓರೆಯಾಗಿದೆ. ಬದಿ ಬದಲಾದರೆ ನೀವು ಗೋಡೆಗೆ ನೇರವಾಗಿ ನಿಂತಿಲ್ಲ, ಟ್ರೈಪಾಡ್ ಸರಿಮಾಡಿಕೊಂಡು ಮೊದಲಿನಿಂದ ಶುರು ಮಾಡಿ.