ಅಣ್ಣ, ಈ ಸಲ ಫೈಲ್ ಇದೆ

ಜುಲೈ ತಿಂಗಳು, ಬೆಳಗಿನ ಜಾವ ಮೂರೂಕಾಲು. ಡೊಂಬಿವಲಿಯ ಮನೆಯಲ್ಲಿ ಫೋನ್ ಹೊಡೆದುಕೊಂಡಿತು. ನವಿ ಮುಂಬೈನ ಮಹಾಪೆಯ ಡೇಟಾ ಸೆಂಟರ್‌ನಲ್ಲಿ ರಾತ್ರಿ ಪಾಳಿಯಲ್ಲಿದ್ದ ಕುಂದಾಪುರದ ಹುಡುಗ. "ಅಣ್ಣ, ಡೇಟಾಬೇಸ್ ಸರ್ವರ್ ಮತ್ತೆ ನಿಂತಿದೆ. ಸ್ಕ್ರೀನ್ ಪೂರ್ತಿ ಕಪ್ಪು." ಆ ತಿಂಗಳಲ್ಲಿ ಅದು ಮೂರನೇ ಸಲ. ಪವರ್ ಬಟನ್ ಒತ್ತಿ ಎಬ್ಬಿಸಲು ಹೇಳಿದೆ, ಬೇರೆ ದಾರಿಯೇ ಇರಲಿಲ್ಲ.

ಬೆಳಿಗ್ಗೆ ಮಳೆಯಲ್ಲೇ ಥಾಣೆಗೆ ಲೋಕಲ್ ರೈಲು, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ರೈಲು ಹಿಡಿದು ಹೋಗಿ ಲಾಗ್, ಅಂದರೆ ಸರ್ವರ್ ಬರೆದಿಡುವ ದಾಖಲೆ, ತೆಗೆದೆ. ರೀಬೂಟ್ ಆದ ಮೇಲಿನ ಸಾಲುಗಳಷ್ಟೇ ಇದ್ದವು. /ವರ್/ಲಾಗ್/ಜರ್ನಲ್ ಅನ್ನೋ ಫೋಲ್ಡರ್ ಇಲ್ಲದ ಕಾರಣ ಲಿನಕ್ಸ್‌ನಲ್ಲಿ ಲಾಗ್ ಬರೆಯುವ ಜರ್ನಲ್ ಬರೀ ಮೆಮೊರಿಯಲ್ಲೇ ಬರೆದುಕೊಳ್ಳುತ್ತಿತ್ತು. ರೀಬೂಟ್ ಆದರೆ ಎಲ್ಲ ಹೋಯಿತು. ಜರ್ನಲ್‌ಡಿ ಕಾನ್ಫಿಗ್‌ನಲ್ಲಿ ಸ್ಟೋರೇಜ್=ಪರ್ಸಿಸ್ಟೆಂಟ್ ಅಂತ ಹಾಕಿದೆ. ಎರಡು ನಿಮಿಷದ ಕೆಲಸ.

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲೇ ಬಿದ್ದರೆ ಇದೂ ಸಾಲದು. ಬಿದ್ದವನ ಕೈಯಲ್ಲಿ ಡಿಸ್ಕ್‌ಗೆ ಬರೆಸುವುದು ಅಪಾಯ, ಅಲ್ವಾ? ಕೆಡಂಪ್ ಇರುವುದು ಅದಕ್ಕೇ. ಬೂಟ್ ಸಾಲಿನಲ್ಲಿ ಕ್ರ್ಯಾಶ್‌ಕರ್ನಲ್=256ಎಂ ಅಂತ ಕೊಟ್ಟರೆ ಅಷ್ಟು ಮೆಮೊರಿಯನ್ನು ಎತ್ತಿಡುತ್ತದೆ. ಅದರೊಳಗೆ ಇನ್ನೊಂದು ಕರ್ನಲ್ ಸುಮ್ನೆ ಕಾಯುತ್ತಾ ಕೂತಿರುತ್ತದೆ. ಮೊದಲನೆಯದು ಬಿದ್ದ ಕೂಡಲೇ ಇದು ಎದ್ದು, ಅದರ ಮೆಮೊರಿಯನ್ನು ಡಿಸ್ಕ್‌ಗೆ ಬರೆದು, ರೀಬೂಟ್ ಮಾಡುತ್ತದೆ. "64 ಜಿಬಿ ಮೆಷಿನ್‌ಗೆ 64 ಜಿಬಿ ಫೈಲಾ ಅಣ್ಣ?" ಅಂತ ಹುಡುಗ ಕೇಳಿದ. ಇಲ್ಲ. ಮೇಕ್‌ಡಂಪ್‌ಫೈಲ್‌ಗೆ (ಆ ಡಂಪ್ ಫೈಲ್ ಬರೆಯುವ ಪ್ರೋಗ್ರಾಂ) -ಡಿ 31 ಕೊಟ್ಟರೆ ಮೆಮೊರಿಯ ಖಾಲಿ ಪುಟ, ಕ್ಯಾಶ್, ಪ್ರೋಗ್ರಾಂಗಳ ಸ್ವಂತ ಡೇಟಾ ಎಲ್ಲ ಬಿಟ್ಟು ಬರೆಯುತ್ತದೆ.

ನನ್ನ ತಲೆ ತಿಂದದ್ದು ಬೇರೆ. ನಮ್ಮ ಸರ್ವರ್ ಬೀಳುತ್ತಿರಲಿಲ್ಲ, ನಿಂತಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಪ್ಯಾನಿಕ್ ಆಗದೆ, ಅಂದರೆ ಕರ್ನಲ್ ತಾನೇ ಸೋಲೊಪ್ಪಿ ಬೀಳದೆ, ಕೆಡಂಪ್ ಏಳುವುದಿಲ್ಲ. ಹಾಗಾಗಿ ಕರ್ನಲ್ ಸೆಟ್ಟಿಂಗ್‌ಗಳಲ್ಲಿ ಪ್ಯಾನಿಕ್_ಆನ್_ಊಪ್ಸ್, ಸಾಫ್ಟ್‌ಲಾಕಪ್_ಪ್ಯಾನಿಕ್, ಹಾರ್ಡ್‌ಲಾಕಪ್_ಪ್ಯಾನಿಕ್ ಮೂರಕ್ಕೂ 1 ಹಾಕಿದೆ. ಈಗ ಒಂದು ಸಿಪಿಯು ಕರ್ನಲ್ ಒಳಗೆ 20 ಸೆಕೆಂಡ್ ಸಿಕ್ಕಿಕೊಂಡರೆ ಪ್ಯಾನಿಕ್ ಆಗುತ್ತದೆ. ಹಂಗ್_ಟಾಸ್ಕ್_ಪ್ಯಾನಿಕ್ ಮಾತ್ರ ಬೇಕೆಂತಲೇ ಬಿಟ್ಟೆ. ಡಿಸ್ಕ್ ನಿಧಾನವಾಗಿ ಯಾವುದೋ ಒಂದು ಕೆಲಸ 120 ಸೆಕೆಂಡ್ ಕಾದಿದ್ದಕ್ಕೆ ಇಡೀ ಡೇಟಾಬೇಸ್ ಬೀಳಿಸುವುದು ಸರಿಯಲ್ಲ ಅನ್ನಿಸಿತು.

ಪರೀಕ್ಷೆ ಮಾಡದೆ ಮಾತ್ರ ಬಿಡಬೇಡಿ. ಭಾನುವಾರ ರಾತ್ರಿ ಡೇಟಾಬೇಸ್ ನಿಲ್ಲಿಸಿ, ಮೆಮೊರಿಯಲ್ಲಿ ಉಳಿದದ್ದನ್ನು ಡಿಸ್ಕ್‌ಗೆ ಬರೆಸಲು ಸಿಂಕ್ ಕೊಟ್ಟು, /ಪ್ರೊಕ್/ಸಿಸ್‌ಆರ್‌ಕ್ಯು-ಟ್ರಿಗರ್ ಫೈಲ್‌ಗೆ 'ಸಿ' ಅಂತ ಒಂದೇ ಅಕ್ಷರ ಬರೆದೆವು; ಕರ್ನಲನ್ನು ಬೇಕೆಂತಲೇ ಬೀಳಿಸುವ ದಾರಿ ಅದು. ಸರ್ವರ್ ಆ ಕ್ಷಣವೇ ಬಿತ್ತು. ಎಬ್ಬಿಸಿ ನೋಡಿದರೆ ಡಂಪ್ ಬಂದು ಕೂರಬೇಕಾದ /ವರ್/ಕ್ರ್ಯಾಶ್ ಫೋಲ್ಡರ್ ಖಾಲಿ! ಕೆಕ್ಸೆಕ್_ಕ್ರ್ಯಾಶ್_ಲೋಡೆಡ್ ನೋಡಿದೆ, 0 ಇತ್ತು. ಅಂದರೆ ಎರಡನೇ ಕರ್ನಲ್ ಕಾಯುತ್ತಲೇ ಇರಲಿಲ್ಲ. ಬೂಟ್ ಸಾಲು ಇರುವ ಗ್ರಬ್ ಫೈಲ್ ತಿದ್ದಿದ ಮೇಲೆ ಅಪ್‌ಡೇಟ್ ಕೊಡುವುದನ್ನು ನಾನು ಮರೆತಿದ್ದೆ. ಸರಿಮಾಡಿ ರೀಬೂಟ್ ಮಾಡಿದಾಗ 1 ಬಂತು. ಮತ್ತೆ ಬೀಳಿಸಿದೆವು. ಈ ಸಲ ಡಂಪ್ ಬಂತು, ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ.

ಎರಡು ವಾರ ಬಿಟ್ಟು ಮತ್ತೆ ಬೆಳಗಿನ ಜಾವ ಫೋನ್. "ಅಣ್ಣ, ಬಿತ್ತು. ತಾನಾಗೇ ಎದ್ದಿದೆ. ಈ ಸಲ ಫೈಲ್ ಇದೆ." ಕ್ರ್ಯಾಶ್ ಟೂಲ್‌ನಲ್ಲಿ ಡಂಪ್ ತೆರೆದು, ಬೀಳುವಾಗ ಯಾವ ಕೋಡ್ ಓಡುತ್ತಿತ್ತು ಎಂದು ತೋರಿಸುವ ಬಿಟಿ ಅಂತ ಕೊಟ್ಟೆ. ಮೇಲಿಂದ ಆರನೇ ಸಾಲಿನಲ್ಲೇ ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಹೆಸರಿತ್ತು.